ಐದು ಕಳೆಯುವವರು

ನಿಮ್ಮ ತಪ್ಪನ್ನು ನೋಡಿ, ಅದನ್ನು ನಿಮಗೆ ಕಲಿಸಿಕೊಟ್ಟವರು ಯಾರು ಎಂದು ಹೇಳಬಲ್ಲ ಯಂತ್ರವೊಂದು ಬಂದರೆ ಏನಾದೀತು? ನಮ್ಮ ವರದಾ ವಿಶ್ವವಿದ್ಯಾಲಯಕ್ಕೆ ಅದು ಬಂದು ಆರು ವರ್ಷವಾಯಿತು. ಏನಾಯಿತೆಂದು ಹೇಳುತ್ತೇನೆ. ಹೇಳುವಾಗ ನನ್ನ ಮರ್ಯಾದೆಯೂ ಒಂದಿಷ್ಟು ಹೋಗುತ್ತದೆ. ಹೋಗಲಿ ಬಿಡಿ, ಐವತ್ತೊಂಬತ್ತು ವರ್ಷ ಕಾಪಾಡಿಕೊಂಡು ಬಂದದ್ದೇ ಹೆಚ್ಚಾಯಿತು.

ಯಂತ್ರದ ಹೆಸರು ಜರಡಿ. ಅದು ಬರುವ ಮೊದಲು ನಮ್ಮ ವಿದ್ಯಾರ್ಥಿಗಳ ಪ್ರಬಂಧ, ಪ್ರಾಜೆಕ್ಟು, ಪ್ರಯೋಗದ ಜರ್ನಲ್ಲುಗಳನ್ನು ಯಾರು ಬರೆಯುತ್ತಿದ್ದರೋ ಆ ದೇವರಿಗೇ ಗೊತ್ತು. ಕೆಲವನ್ನು ಫೋನು ಬರೆಯುತ್ತಿತ್ತು. ಕೆಲವನ್ನು ಹಿಂದಿನ ವರ್ಷದವರ ಪುಸ್ತಕ ನೋಡಿ ಇಳಿಸುತ್ತಿದ್ದರು, ಆ ಪುಸ್ತಕದವರು ಅದರ ಹಿಂದಿನ ವರ್ಷದವರದನ್ನು ಇಳಿಸಿರುತ್ತಿದ್ದರು. ಒಬ್ಬ ಹುಡುಗ ಕನ್ನಡ ಪ್ರಬಂಧದಲ್ಲಿ “ಇಬ್ಬರು ಮಕ್ಕಳ ತಾಯಿಯಾಗಿ ನಾನು ಹೇಳುವುದೇನೆಂದರೆ” ಎಂದು ಬರೆದುಕೊಟ್ಟಿದ್ದ. ಅದಕ್ಕೆ ಹತ್ತಕ್ಕೆ ಎಂಟು ಅಂಕವೂ ಬಿದ್ದಿತ್ತು.

ಜರಡಿ ಮಾಡುವುದಿಷ್ಟೇ. ಸಾಹಿತ್ಯ, ಗಣಿತ, ವಿಜ್ಞಾನ, ವಾಣಿಜ್ಯ, ವಿಷಯ ಯಾವುದೇ ಇರಲಿ, ಬರಹದಲ್ಲಿ ಸರಿ ಇರುವುದನ್ನೆಲ್ಲ ಬಿಟ್ಟು ತಪ್ಪನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಸರಿ ಉತ್ತರ ಯಾರು ಬರೆದರೂ ಅದೇ. ತಪ್ಪು ಹಾಗಲ್ಲ. ರೊಟ್ಟಿ ನೋಡಿದರೆ ಬಡಿದವರ ಕೈ ಗೊತ್ತಾಗುವ ಹಾಗೆ, ತಪ್ಪು ನೋಡಿದರೆ ಅದು ಎಲ್ಲಿಂದ ಹೊರಟಿತೆಂದು ಗೊತ್ತಾಗುತ್ತದೆ. ಹತ್ತೊಂಬತ್ತು ವರ್ಷಗಳ ಬರಹಗಳನ್ನು ನಾವು ಜರಡಿಯ ಹೊಟ್ಟೆಗೆ ಹಾಕಿದ್ದೆವು. ಒಂದೇ ಬಗೆಯ ಅಪರೂಪದ ತಪ್ಪು ಎಲ್ಲೆಲ್ಲಿ ಕಾಣುತ್ತದೋ ಅವನ್ನೆಲ್ಲ ಅದು ಬಳ್ಳಿಯ ಹಾಗೆ ಜೋಡಿಸಿ ಪರದೆಯ ಮೇಲೆ ತೋರಿಸುತ್ತಿತ್ತು. ಬಳ್ಳಿಯಲ್ಲಿದ್ದವರೆಲ್ಲ ಒಂದೇ ಶಾಲೆಯಲ್ಲಿ ಓದಿದವರಾದರೆ ಅದು ಪಾಠದಿಂದ ಬಂದ ತಪ್ಪು, ಕ್ಷಮಿಸಬಹುದು. ನಡುವೆ ಹೊರಗಿನವರೊಬ್ಬರು ಕಂಡರೆ ಅವರು ಯಾರದನ್ನೋ ನೋಡಿ ಇಳಿಸಿದ್ದಾರೆಂದೇ ಲೆಕ್ಕ, ಅವರ ಮೂರು ವರ್ಷದ ಬರಹವೆಲ್ಲ ರದ್ದು. ಇನ್ನು ಬಳ್ಳಿಯ ಬೇರು, ಅಂದರೆ ಆ ತಪ್ಪನ್ನು ಹುಟ್ಟಿಸಿ ಹಂಚಿದವರು ಸಿಕ್ಕಿದರೆ, ಅವರು ಮತ್ತೆಂದೂ ವಿಶ್ವವಿದ್ಯಾಲಯದ ಪರೀಕ್ಷೆಯ ಕೆಲಸಕ್ಕೆ ಬರುವಂತಿಲ್ಲ. ಈ ಕೊನೆಯ ನಿಯಮ ನನ್ನದು. ಸಮಿತಿಯಲ್ಲಿ ಮೇಜು ಕುಟ್ಟಿ ಸೇರಿಸಿದ್ದೆ.

ಜನ ಸುಮ್ಮನಿರುತ್ತಾರೆಯೇ? ಜರಡಿ ಬಂದ ಎರಡೇ ವರ್ಷಕ್ಕೆ ಪೇಟೆಯ ಟ್ಯುಟೋರಿಯಲ್ಲುಗಳು “ನಿಮಗೆಂದೇ ಮಾಡಿದ ತಪ್ಪುಗಳು, ಬೇರೆಲ್ಲೂ ಇಲ್ಲ” ಎಂದು ಬೋರ್ಡು ಹಾಕಿದವು. ತಾಯಂದಿರು ಪರೀಕ್ಷೆಯ ದಿನ ಮಕ್ಕಳ ತಲೆ ಸವರಿ, “ನೋಡಪಾ, ನಿಂದ ತಪ್ಪು ನೀ ಮಾಡು, ಮಂದೀದು ಮಾಡಬ್ಯಾಡ” ಎಂದು ಹರಸಿ ಕಳಿಸುತ್ತಿದ್ದರು. ಇನ್ನೂ ಜಾಣರಾದವರು ಮೂರನೆಯ ದಾರಿಯೊಂದನ್ನು ಹುಡುಕಿಕೊಂಡಿದ್ದರು. ಅದು ನನಗೆ ತಿಳಿಯಲು ಆರು ವರ್ಷ ಬೇಕಾಯಿತು.

ನಾನು ಇಂದುಮತಿ ಹಾದಿಮನಿ. ಮೊದಲು ಹೈಸ್ಕೂಲಿನಲ್ಲಿ, ಆಮೇಲೆ ಕಾಲೇಜಿನಲ್ಲಿ ವಿಜ್ಞಾನ ಕಲಿಸಿ, ಕೊನೆಗೆ ಜರಡಿಯ ಪರಿಶೀಲಕಿಯಾದೆ. ಯಂತ್ರ ಹಿಡಿದುಕೊಟ್ಟವರ ಕಾಗದಕ್ಕೆ ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲೂ ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಾರೆ. ಸಿಟ್ಟಿನ ಅಕ್ಕೋರು ಎಂದು ಹಿಂದಿನಿಂದ ಹೇಳುವುದೂ ನನ್ನ ಕಿವಿಗೆ ಬಿದ್ದಿದೆ.

ಆ ಬುಧವಾರ ಹಳೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿರುವ ಜರಡಿಯ ಕೋಣೆಗೆ ಹೋದಾಗ ಸಮೀನಾ ನದಾಫ್ ಕುರ್ಚಿಯಿಂದ ಎದ್ದೇಬಿಟ್ಟಳು. ಜರಡಿಯನ್ನು ಕಟ್ಟಿದ ಎಂಜಿನಿಯರುಗಳಲ್ಲಿ ಒಬ್ಬಳು. ಮೂವತ್ತೆರಡರ ಹುಡುಗಿ, ಮಾತು ಚುರುಕು.

“ಅಕ್ಕೋರ, ಚಹಾ ಆಮ್ಯಾಲ ಕುಡೀರಿ, ಮೊದಲ ಇದನ್ನ ನೋಡ್ರಿ. ಇಂಥಾ ತಪ್ಪು ನಾ ಇಲ್ಲೀತನಕ ಕಂಡಿಲ್ಲ. ಮೂವತ್ತೇಳು ಮಂದಿ ಅದಾರ. ಎಲ್ಲಾರೂ ಉದ್ದ ಅಳದಾಗೆಲ್ಲಾ ಐದು ಸೆಂಟಿಮೀಟರ್ ಕಡಿಮಿ ಬರೀತಾರ.”

“ಐದು ಕಡಿಮೀನ? ಯಾಕಂತ?”

“ಅದ ಗೊತ್ತಿಲ್ರಿ. ಮೂವತ್ತಾರು ಮಂದಿ ಒಂದ ಸಾಲಿಯವರು, ಅವರನ್ನ ಜರಡಿ ಬಿಟ್ಟೈತಿ. ಇಕಿ ಒಬ್ಬಾಕಿ ಹೊರಗಿನಾಕಿ. ಕಸ್ತೂರಿ ಬಾರ್ಕೇರ, ಬಿ.ಎಸ್ಸಿ. ಕಡೇ ವರ್ಷ. ಫಿಜಿಕ್ಸ್ ಜರ್ನಲ್‌ನ್ಯಾಗ ಐದು ಕಡಿಮಿ, ಗಣಿತದಾಗ ನೀರಿನ ಟಾಕಿ ಅಳದು ಬರಿ ಅಂದ್ರ ಐದು ಕಡಿಮಿ, ಹೆಚ್ಚುವರಿ ತಗೊಂಡ ವಾಣಿಜ್ಯದ ಪ್ರಾಜೆಕ್ಟ್‌ಗೆ ಅರಿವಿ ಅಂಗಡೀಗೆ ಹೋಗ್ಯಾಳ, ಅಲ್ಲೂ ಎಲ್ಲಾ ತುಂಡೂ ಐದು ಕಡಿಮಿ!”

“ಎಲಾ ಇವಳ! ಕದಿಯೂದನ್ನೂ ನೆಟ್ಟಗ ಕದೀಲಿಲ್ಲಲ್ಲ,” ಎಂದೆ ನಾನು. ನಗು ಬಂತು, ಸಿಟ್ಟೂ ಬಂತು. ಮೂರು ಪುಟದ ನೋಟಿಸನ್ನು ಸಮೀನಾ ಮುಂದಿಟ್ಟಳು. ಶಾಲೆಯ ಹೆಸರು ಮೂರನೆಯ ಪುಟದಲ್ಲಿತ್ತು. ಮೂರನೆಯ ಪುಟವನ್ನು ನಾನು ತೆರೆಯಲಿಲ್ಲ. ಮೊದಲ ಪುಟದ ಕೆಳಗೆ ಸಹಿ ಹಾಕಿ ಚಹಾ ಕುಡಿದೆ.

ಹುಡುಗಿಗೆ ಆದದ್ದೇನೆಂದು ಆಮೇಲೆ ತಿಳಿಯಿತು. ಕಸ್ತೂರಿಗೆ ಬಿ.ಎಡ್. ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಅಂಕಪಟ್ಟಿ ಕೊಡದಿದ್ದರೆ ಸೀಟು ಇನ್ನೊಬ್ಬರಿಗೆ. ಅವರಮ್ಮ ಬಸ್ ನಿಲ್ದಾಣದ ಹಿಂದೆ ಮೀನಿನ ಖಾನಾವಳಿ ಇಟ್ಟು ಅವಳನ್ನು ಓದಿಸಿದ್ದಳು. ಮಗಳು ಅಕ್ಕೋರು ಆಗುತ್ತಾಳೆಂದು ಊಟಕ್ಕೆ ಬಂದ ಕಂಡಕ್ಟರುಗಳಿಗೆಲ್ಲ ಹೇಳಿಯಾಗಿತ್ತು. ಅಷ್ಟರಲ್ಲಿ ನನ್ನ ಸಹಿಯ ನೋಟಿಸು ಹೋಯಿತು: ಶನಿವಾರ ಹನ್ನೊಂದಕ್ಕೆ ವಿಚಾರಣೆ.

ಗುರುವಾರ ನಮ್ಮ ಮನೆಗೆ ಬಣ್ಣ ಹೊಡೆದು ಮುಗಿದಿತ್ತು. ಹೊಸ ಪರದೆ ಹೊಲಿಸಬೇಕೆಂದು ನಮ್ಮ ಯಜಮಾನರು ವಿರೂಪಾಕ್ಷ ಬೆಳಿಗ್ಗೆಯೇ ಟೇಪು ಹಿಡಿದು ನಿಂತಿದ್ದರು. ಅಂಚೆ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರಿಗೆ ಮನೆಯ ಅಳತೆಯೇ ಕೆಲಸ. ಅಡುಗೆಮನೆಯ ಕಿಟಕಿ ಅಳೆದು ನೂರಾ ನಲವತ್ತು ಎಂದು ಚೀಟಿಯಲ್ಲಿ ಬರೆದುಕೊಂಡರು.

“ನೀವು ಅಳದದ್ದು ನನಗ ನಂಬಿಕಿಲ್ಲ,” ಎಂದು ನಾನು ಟೇಪು ಕಸಿದುಕೊಂಡು ಅಳೆದೆ. “ನೂರಾ ಮೂವತ್ತೈದು. ಬರಕೋರಿ.”

“ನೂರಾ ನಲವತ್ತು, ಇಂದೂ. ಟೇಪ್ ನೋಡು, ನಿನ್ನ ಬೆರಳ ಎಲ್ಲೈತಿ?”

ಬೆರಳು ನೂರಾ ನಲವತ್ತರ ಮೇಲಿತ್ತು.

“ಹೌದು, ನೂರಾ ನಲವತ್ತು. ಅದಕ್ಕ ನೂರಾ ಮೂವತ್ತೈದು.”

ಅವರು ಚೀಟಿ ಕೆಳಗಿಟ್ಟು ನನ್ನ ಮುಖ ನೋಡಿದರು. “ಅಲ್ಲ, ಇಪ್ಪತ್ತೈದು ವರ್ಷದಿಂದ ಈ ಮನ್ಯಾಗ ಎಲ್ಲಾ ಪರದೆ ಗಿಡ್ಡ ಆಗ್ಯಾವ. ಪ್ರತಿ ಸಲಾನೂ ನೀ ಆ ದರ್ಜಿ ಯಮನೂರಪ್ಪನ ಮ್ಯಾಲ ಹರಿಹಾಯ್ದು ಬಂದೀ. ಅವ ಪಾಪ, ಅಕ್ಕೋರು ಬರಕೊಟ್ಟಷ್ಟ ಹೊಲದೀನ್ರಿ ಅಂತ ಅಳೂದೊಂದ ಬಾಕಿ. ನೀ ಯಾಕ ಐದು ಕಳೀತಿ ಹೇಳು ನೋಡೂಣು?”

ಯಾಕೆ ಕಳೆಯುತ್ತೇನೆ? ಟೇಪಿನ ತುದಿ ಕೈಯಿಂದ ಜಾರಿ ಸರ್ರನೆ ಒಳಗೆ ಹೋಯಿತು. ಆಗ ನೆನಪಾಯಿತು ನೋಡಿ. ಅಯ್ಯೋ ಶಿವನೇ! ಅಲ್ಲೇ ಬಣ್ಣದ ಡಬ್ಬಿಯ ಮೇಲೆ ಕುಳಿತುಬಿಟ್ಟೆ. ಡಬ್ಬಿಯ ಮುಚ್ಚಳ ಸಡಿಲವಿತ್ತು, ಸೀರೆ ಹಾಳಾಯಿತು. ಅದೂ ನನಗೆ ಆಗ ಗೊತ್ತಾಗಲಿಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ನನ್ನ ಮೊದಲ ನೌಕರಿ ಹಿರೇಕಂಬಿಯ ಹೈಸ್ಕೂಲಿನಲ್ಲಿ. ಪ್ರಯೋಗಶಾಲೆ ಎಂದರೆ ಒಂದು ಕೋಣೆ, ಎರಡು ಕಪಾಟು, ಒಂದೇ ಒಂದು ಮೀಟರಿನ ಕಟ್ಟಿಗೆಯ ಅಳತೆಪಟ್ಟಿ. ಸೇರಿದ ಎರಡನೆಯ ವಾರ ಕಪಾಟಿನ ಕೆಳಗಿನಿಂದ ಚೇಳು ಬಂತು. ನಾನು ಕಿರುಚಿ, ಕೈಗೆ ಸಿಕ್ಕ ಪಟ್ಟಿಯಿಂದಲೇ ಅದನ್ನು ಕುಟ್ಟಿದೆ. ಚೇಳು ಸತ್ತಿತು. ಪಟ್ಟಿಯ ತುದಿಯೂ ಐದು ಸೆಂಟಿಮೀಟರ್ ಮುರಿದುಹೋಯಿತು. ಆಗಿನ ಹೆಡ್ಮಾಸ್ತರರು ಉಗ್ರ ನರಸಿಂಹ. ಸರಕಾರದ ಸಾಮಾನು ಮುರಿದೆನೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ದಾಸ್ತಾನು ಪುಸ್ತಕದಲ್ಲಿ “ಅಳತೆಪಟ್ಟಿ ಒಂದು, ಸುಸ್ಥಿತಿಯಲ್ಲಿದೆ” ಎಂದು ಬರೆದೆ. ಸುಸ್ಥಿತಿಯಲ್ಲಿರುವ ಪಟ್ಟಿಗೆ ಬದಲಾಗಿ ಹೊಸದನ್ನು ಯಾರು ಕೊಡುತ್ತಾರೆ? ಪಟ್ಟಿ ಈಗ ಐದರಿಂದ ಶುರುವಾಗುತ್ತಿತ್ತು. ಓದಿದ ಅಂಕೆಯಲ್ಲಿ ಐದು ಕಳೆದರೆ ಅಳತೆ ಸರಿಯಾಗುತ್ತದೆ. ಮೊದಲ ವರ್ಷದ ಮಕ್ಕಳಿಗೆ ಮುರಿದ ತುದಿ ತೋರಿಸಿ ಹೇಳಿದೆ. ಎರಡನೆಯ ವರ್ಷ ತೋರಿಸದೆ ಹೇಳಿದೆ. ಮೂರನೆಯ ವರ್ಷ ಬಾಯಿ ನೋಯಿಸಿಕೊಳ್ಳುವುದು ಬೇಡವೆಂದು ಹಸಿರು ಎಣ್ಣೆಬಣ್ಣದಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದೆ: ಐದು ಕಳೆ. ಒಂಬತ್ತು ವರ್ಷ ಹಾಗೆಯೇ ನಡೆಯಿತು. ವರ್ಗವಾದಾಗ ನಾನು ಬಂದೆ, ಪಟ್ಟಿ ಮತ್ತು ಗೋಡೆ ಅಲ್ಲಿಯೇ ಉಳಿದವು.

ಎಲ್ಲವನ್ನೂ ಯಜಮಾನರಿಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ.

“ಮೊದಲ ಸೀರಿ ಬದಲಿಸು. ಆಮ್ಯಾಲ ಯೂನಿವರ್ಸಿಟಿಗೆ ಹೋಗು. ಅಲ್ಲೆ ಒಂದು ಹುಡುಗಿ ಅಳಾಕತ್ತಿರತೈತಿ,” ಎಂದರು.

ನೆಲಮಾಳಿಗೆಗೆ ಹೋಗಿ ಮೊದಲು ನೋಟಿಸಿನ ಮೂರನೆಯ ಪುಟ ತೆರೆದೆ. ಮೂವತ್ತಾರು ಜನರ ಮುಂದೆಯೂ ಹಿರೇಕಂಬಿ ಹೈಸ್ಕೂಲ್ ಎಂದೇ ಇತ್ತು. ಸಮೀನಾಳಿಗೆ ಚೇಳಿನ ಕಥೆ ಹೇಳಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, “ಅಕ್ಕೋರ, ಮೂವತ್ತಾರು ಮಂದೀಗೆ ಸರಿ. ಕಸ್ತೂರಿ ಹಿರೇಕಂಬಿ ಕಡೆ ತಲೀನೂ ಹಾಕಿಲ್ಲ. ಆಕಿ ಓದಿದ್ದು ಪೂರಾ ಈ ಊರಾಗ. ಹಂಗಂದ್ರ ಹಿರೇಕಂಬಿಯವರದ ಯಾರದರ ನೋಡಿ ಇಳಿಸ್ಯಾಳ ಅಂತ ಸಮಿತಿ ಹೇಳತೈತಿ.”

“ಆಕಿ ಬರದದ್ದನ್ನ ತಗಿ. ಜರಡಿ ಆರಿಸಿದ ಚೂರಲ್ಲ, ಪೂರ್ತಿ ಪುಸ್ತಕ ಬೇಕು ನನಗ.”

ನಿಜ ಹೇಳುತ್ತೇನೆ, ಆರು ವರ್ಷದಲ್ಲಿ ನಾನು ಒಬ್ಬ ವಿದ್ಯಾರ್ಥಿಯ ಜರ್ನಲ್ಲನ್ನೂ ಮೊದಲಿನಿಂದ ಕೊನೆಯವರೆಗೆ ಓದಿರಲಿಲ್ಲ. ತಪ್ಪುಗಳ ಪಟ್ಟಿ ಬರುತ್ತಿತ್ತು, ಸಹಿ ಹಾಕುತ್ತಿದ್ದೆ. ಅಂದು ಓದಿದೆ.

ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ಅದು ಎಷ್ಟು ಹೊತ್ತಿಗೆ ಒಮ್ಮೆ ಹೋಗಿ ಬರುತ್ತದೆಂದು ಎಣಿಸಿ, ಭೂಮಿಯ ಸೆಳೆತವನ್ನು ಲೆಕ್ಕಹಾಕುವುದು. ಸೆಂಟಿಮೀಟರಿನ ಲೆಕ್ಕದಲ್ಲಿ ಪುಸ್ತಕದ ಉತ್ತರ ಒಂಬೈನೂರ ಎಂಬತ್ತು. ಕಸ್ತೂರಿಗೆ ಬಂದದ್ದು ಒಂಬೈನೂರ ಒಂಬತ್ತು. ಜರಡಿ ಹಿಡಿದ ತಪ್ಪು ಅದೇ. ಪುಟ ತಿರುಗಿಸಿದರೆ ಅವಳ ಗ್ರಾಫು ಇತ್ತು. ದಾರದ ಉದ್ದ ಸೊನ್ನೆಯಾದರೆ ತೂಗುವ ಹೊತ್ತೂ ಸೊನ್ನೆ, ಹಾಗಾಗಿ ಗೆರೆ ಸೊನ್ನೆಯಿಂದಲೇ ಹೊರಡಬೇಕು. ಅವಳ ಗೆರೆ ಸೊನ್ನೆಯ ಹತ್ತಿರ ಹೋಗಿರಲಿಲ್ಲ. ಸರಿಯಾಗಿ ಐದು ಮನೆ ಕೆಳಗೆ ಹೋಗಿ ಮುಟ್ಟಿತ್ತು. ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಿದ್ದಳು: “ಮೂರು ಸಲ ಮಾಡಿ ನೋಡಿದೆ. ಗೆರೆ ಸೊನ್ನೆಗೆ ಹೋಗುತ್ತಿಲ್ಲ. ಯಾಕೆಂದು ಗೊತ್ತಿಲ್ಲ. ಒತ್ತಾಯ ಮಾಡಿ ಎಳೆದಿಲ್ಲ.”

ನನ್ನ ಕಣ್ಣು ಮಂಜಾಯಿತು. ಕನ್ನಡಕ ಒರೆಸಿಕೊಂಡು ಆ ಗೆರೆಯ ಓರೆಯನ್ನು ನಾನೇ ಅಳೆದು ಲೆಕ್ಕ ಮಾಡಿದೆ. ಎಲ್ಲ ಅಳತೆಯಲ್ಲೂ ಒಂದೇ ಐದು ಕಡಿಮೆಯಾಗಿದ್ದರಿಂದ ಗೆರೆ ಕೆಳಗೆ ಸರಿದಿತ್ತು, ಓರೆ ಮಾತ್ರ ಕೆಟ್ಟಿರಲಿಲ್ಲ. ಉತ್ತರ ಒಂಬೈನೂರ ಎಪ್ಪತ್ತೆಂಟು ಬಂತು. ಪುಸ್ತಕದ ಎಂಬತ್ತು ದುಂಡಗೆ ಮಾಡಿದ ಅಂಕೆ. ನಮ್ಮ ಸೀಮೆಯ ನೆಲದ ಮೇಲೆ ನಿಂತು ಅಳೆದವರಿಗೆ ಸಿಗುವುದು ಎಪ್ಪತ್ತೆಂಟೇ.

“ಸಮೀನಾ, ಈಕಿ ಜೋಡಿ ಓದಿದವರು ಎಷ್ಟು ಮಂದಿ?”

“ಐವತ್ತೆಂಟ್ರಿ.”

“ಎಲ್ಲಾರ ಲೋಲಕ ತಗಿ.”

ಪರದೆ ತುಂಬ ಗ್ರಾಫುಗಳು ಬಂದವು. ಐವತ್ತೆಂಟೂ ಗೆರೆ ಸೊನ್ನೆಯಿಂದ ಹೊರಟು ಸೀದಾ ಮೇಲೆ ಹೋಗಿದ್ದವು. ಐವತ್ತೆಂಟೂ ಉತ್ತರ ಒಂಬೈನೂರ ಎಂಬತ್ತು. ಒಬ್ಬರದೂ ಎಪ್ಪತ್ತೊಂಬತ್ತಿಲ್ಲ, ಎಂಬತ್ತೊಂದಿಲ್ಲ. ಸಮೀನಾ ಕುರ್ಚಿಗೆ ಒರಗಿ, “ಯಾ ಅಲ್ಲಾ,” ಎಂದಳು. ಜಾಣರು ಹುಡುಕಿಕೊಂಡ ಆ ಮೂರನೆಯ ದಾರಿ ಇದೇ. ಗುಂಡನ್ನು ಮುಟ್ಟದೆ ಪುಸ್ತಕದ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿದರೆ ತಪ್ಪೇ ಆಗುವುದಿಲ್ಲ. ತಪ್ಪಿಲ್ಲದವರನ್ನು ಜರಡಿ ನೋಡುವುದೇ ಇಲ್ಲ. ನಮ್ಮ ಯಂತ್ರ ಐವತ್ತೊಂಬತ್ತು ಜನರಲ್ಲಿ ನಿಜವಾಗಿ ಅಳೆದವಳೊಬ್ಬಳನ್ನು ಆರಿಸಿ ಕಳ್ಳಿ ಎಂದಿತ್ತು, ಅದಕ್ಕೆ ನಾನು ಸಹಿ ಹಾಕಿದ್ದೆ.

ಆದರೂ ಐದು ಎಲ್ಲಿಂದ ಬಂತು? ಕೊನೆಗೆ ಅವಳ ಕನ್ನಡ ಪ್ರಬಂಧ ತೆಗೆದೆ. ವಿಷಯ “ನನ್ನ ಮೊದಲ ಗುರು.” ಕಾಗುಣಿತ ಸರಿ, ವಾಕ್ಯ ಸರಿ, ಹಾಗಾಗಿ ಜರಡಿಗೆ ಅದರಲ್ಲಿ ಏನೂ ಕಂಡಿರಲಿಲ್ಲ. “ನನ್ನ ಮೊದಲ ಗುರು ನಮ್ಮವ್ವ,” ಎಂದು ಶುರುವಾಗಿತ್ತು. “ಅವ್ವ ಹತ್ತನೇ ಇಯತ್ತೆಗೆ ಶಾಲೆ ಬಿಟ್ಟಳು. ಆದರೆ ಅವಳ ಅಕ್ಕೋರು ಕಲಿಸಿದ್ದನ್ನು ಒಂದನ್ನೂ ಬಿಟ್ಟಿಲ್ಲ. ಏನೇ ಅಳೆದರೂ ಐದು ಕಳೆಯಬೇಕು ಎಂದು ನನಗೆ ಸಣ್ಣವಳಿದ್ದಾಗಲೇ ಕಲಿಸಿದಳು. ಆ ಅಕ್ಕೋರನ್ನು ನಾನು ನೋಡಿಲ್ಲ. ಬಂಗಾರದಂಥ ಅಕ್ಕೋರು ಎಂದು ಅವ್ವ ಹೇಳುತ್ತಾಳೆ. ನಾನೂ ಅವರ ಹಾಗೆ ಆಗಬೇಕು.”

ಓದಿ ಮುಗಿಸಿ ನಾನು ಅತ್ತೆ. ಮುಚ್ಚಿಡುವುದೇನಿದೆ, ಸಮೀನಾಳ ಮುಂದೆಯೇ ಹುಡುಗಿಯರ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.

ಶನಿವಾರ ಹನ್ನೊಂದಕ್ಕೆ ವಿಚಾರಣೆ. ಉದ್ದನೆಯ ಮೇಜಿನ ಆ ಕಡೆ ಕುಲಸಚಿವ ಹೊಂಬಳ, ಪಕ್ಕದಲ್ಲಿ ಸಮೀನಾ, ಕೊನೆಯಲ್ಲಿ ನಾನು. ಎದುರಿಗೆ ಕಸ್ತೂರಿ. ತೆಳ್ಳಗಿನ ಹುಡುಗಿ, ಜರ್ನಲ್ಲನ್ನು ಎದೆಗೆ ಅವಚಿಕೊಂಡಿದ್ದಳು. ಹಿಂದೆ ಅವಳ ತಾಯಿ ದುರ್ಗವ್ವ, ತಲೆ ತುಂಬ ಸೆರಗು ಹೊದ್ದು ನೆಲ ನೋಡುತ್ತ ಕುಳಿತಿದ್ದಳು.

ನಾನೇ ಮೊದಲು ಮಾತಾಡಬೇಕೆಂದು ಮನೆಯಿಂದ ಗಟ್ಟಿ ಮಾಡಿಕೊಂಡು ಬಂದಿದ್ದೆ. ಅಲ್ಲಿ ಕುಳಿತ ಮೇಲೆ ಕಾಗದಗಳನ್ನು ಜೋಡಿಸುತ್ತ ಹೊತ್ತು ಕಳೆದೆ. ಹೊಂಬಳ ಸರ್ ಶುರು ಮಾಡಿಬಿಟ್ಟರು.

“ನೋಡವಾ, ಯಾರ ಜರ್ನಲ್ ನೋಡಿ ಬರದೀ ಹೇಳಿಬಿಡು. ಹೇಳಿದ್ರ ಶಿಕ್ಷಾ ಕಡಿಮಿ ಆಗತೈತಿ.”

“ಯಾರದೂ ನೋಡಿಲ್ರಿ ಸರ. ನಾನ ಅಳದೀನ್ರಿ.”

“ಹಂಗಾರ ಈ ಮೇಜು ಅಳಿ ನೋಡೂಣು.” ಅವರು ಹೊಸ ಅಳತೆಪಟ್ಟಿಯೊಂದನ್ನು ಮುಂದೆ ಸರಿಸಿದರು. ಕಸ್ತೂರಿ ಮೇಜಿನ ಅಗಲ ಅಳೆದಳು. ಪಟ್ಟಿ ಎಂಬತ್ತು ತೋರಿಸಿತು.

“ಎಪ್ಪತ್ತೈದ್ರಿ,” ಎಂದಳು.

“ಎಂಬತ್ತು ಕಾಣಸ್ತೈತಲ್ಲ?”

“ಹೌದ್ರಿ. ಐದು ಕಳೀಬೇಕಲ್ರಿ.”

“ಯಾಕ ಕಳೀಬೇಕು?”

ಕಸ್ತೂರಿಯ ಮುಖ ಕೆಂಪಾಯಿತು. ಅವಳು ತಾಯಿಯ ಕಡೆ ತಿರುಗಿದಳು. ದುರ್ಗವ್ವ ಆಗ ತಲೆ ಎತ್ತಿದಳು. ಎತ್ತಿದವಳು ನನ್ನನ್ನು ನೋಡಿದಳು. ನೋಡಿ ಎದ್ದು ನಿಂತಳು, ಸೆರಗು ಜಾರಿದ್ದೂ ತಿಳಿಯಲಿಲ್ಲ ಅವಳಿಗೆ.

“ಅಕ್ಕೋರ! ನೀವು ಹಾದಿಮನಿ ಅಕ್ಕೋರ ಅಲ್ರೀ? ನಾ ದುರ್ಗಿರೀ, ಹಿರೇಕಂಬಿ ದುರ್ಗಿ! ಕಿಟಕಿ ಬಾಜೂ ಕುಂಡ್ರತಿದ್ದೆ!” ಮೀನು ಹೆಚ್ಚಿ ಹೆಚ್ಚಿ ಗೆರೆಬಿದ್ದ ಕೈಗಳನ್ನು ಜೋಡಿಸಿಯೇ ಹೊಂಬಳರ ಕಡೆ ತಿರುಗಿದಳು. “ಸಾಹೇಬ್ರ, ಇನ್ನ ನನಗ ಚಿಂತಿಲ್ಲ ಬಿಡ್ರಿ. ಇವರ ನಮಗ ಕಲಿಸಿದವರು. ಗ್ವಾಡಿ ಮ್ಯಾಲ ಬರಸಿದ್ರು. ಇವರನ್ನ ಕೇಳ್ರಿ ಐದು ಕಳೀಬೇಕೋ ಬ್ಯಾಡೋ. ನಮ್ಮ ಅಕ್ಕೋರ ಮಾತು ತಪ್ಪಾಗಂಗಿಲ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ಆ ಹೆಂಗಸಿನ ಮುಖದಲ್ಲಿದ್ದ ನೆಮ್ಮದಿ ಇದೆಯಲ್ಲ, ಅದನ್ನು ನೋಡಿದ ಮೇಲೆ ಸುಮ್ಮನೆ ಕುಳಿತಿರಲು ಯಾರಿಗೂ ಸಾಧ್ಯವಿರಲಿಲ್ಲ. ಎದ್ದೆ.

“ತಪ್ಪು ಅದ ದುರ್ಗವ್ವ,” ಎಂದೆ. “ಐದು ಕಳೀಬಾರದು. ಆ ಪಟ್ಟಿ ಮುರದಿತ್ತು, ಅದಕ್ಕಷ್ಟ ಕಳೀಬೇಕಿತ್ತು. ಮುರದಾಕಿ ನಾನ. ಮುರದೀನಿ ಅಂತ ಹೇಳಾಕ ಅಂಜಿ, ಸುಸ್ಥಿತಿಯೊಳಗ ಅದ ಅಂತ ಬರದೆ. ಆಮ್ಯಾಲ ನಿಮಗೆಲ್ಲಾ ಕಾರಣ ಹೇಳೂದನ್ನೂ ಬಿಟ್ಟೆ.” ಆಮೇಲೆ ಚೇಳು, ದಾಸ್ತಾನು ಪುಸ್ತಕ, ಗೋಡೆ, ಐವತ್ತೆಂಟು ಸೊನ್ನೆಯ ಗೆರೆಗಳು, ಮೂರನೆಯ ಪುಟ ನೋಡದೆ ಹಾಕಿದ ಸಹಿ, ಎಲ್ಲವನ್ನೂ ಹೇಳಿದೆ. ಸಮೀನಾ ಒಂದೊಂದನ್ನೂ ಪರದೆಯ ಮೇಲೆ ತೋರಿಸುತ್ತ ಹೋದಳು.

ದುರ್ಗವ್ವ ನನ್ನನ್ನೇ ನೋಡುತ್ತ ನಿಂತಿದ್ದಳು. ಬೈಯುತ್ತಾಳೆ, ಬೈಯಲಿ ಎಂದುಕೊಂಡೆ.

“ಅಲ್ರೀ ಅಕ್ಕೋರ,” ಎಂದಳು ನಿಧಾನಕ್ಕೆ, “ಹಂಗಾರ ನನ್ನ ಮಗಳ ಲಂಗ ಎಲ್ಲಾ ಗಿಡ್ಡ ಆಗತಿದ್ದದ್ದು ಇದಕ್ಕೇನ್ರಿ? ಹುಡುಗಿ ಭಾಳ ಲಗೂ ಬೆಳೀತಾಳ ಅಂತ ನಾ ದೃಷ್ಟಿ ತಗೀತಿದ್ನಲ್ಲರೀ!”

ಮೊದಲು ನಕ್ಕವರು ಹೊಂಬಳ ಸರ್. ಆಮೇಲೆ ನಾವೆಲ್ಲ ನಕ್ಕೆವು. ದುರ್ಗವ್ವ ನಗುತ್ತ ಕಣ್ಣೊರೆಸಿಕೊಂಡಳು. ಕಸ್ತೂರಿಯೊಬ್ಬಳು ನಗಲಿಲ್ಲ. ಅವಳು ಜರ್ನಲ್ ತೆರೆದು, ಗ್ರಾಫಿನ ಪುಟವನ್ನು ನನ್ನ ಮುಂದಿಟ್ಟಳು.

“ಅಕ್ಕೋರ, ಹಂಗಾರ ನನ್ನ ಗೆರಿ ಸರಿ ಇತ್ತೇನ್ರಿ?”

“ಸರಿ ಇತ್ತು ತಂಗಿ. ನಿನ್ನ ಗೆರಿ ಸೊನ್ನಿಗಿಂತ ಐದು ಕೆಳಗ ಹೋತಲ್ಲ, ಆ ಐದು ಅಂದ್ರ ಹಿರೇಕಂಬಿಯೊಳಗ ನಾ ಮುರದ ತುಂಡು. ಮೂವತ್ತೈದು ವರ್ಷದಿಂದ ನಾ ಬಚ್ಚಿಟ್ಟದ್ದನ್ನ ನಿನ್ನ ಗೆರಿ ತೋರಿಸಿತು. ನೀ ಅದನ್ನ ಎಳದು ಸೊನ್ನಿಗೆ ತಂದಿದ್ರ ಯಾರಿಗೂ ತಿಳೀತಿರಲಿಲ್ಲ.”

ಅವಳು ಆ ಐದು ಮನೆಗಳ ಮೇಲೆ ಬೆರಳಿಟ್ಟಳು. ಅಂಕದ ಬಗ್ಗೆ, ಸೀಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದು, “ಆ ಮುರದ ಪಟ್ಟಿ ಇನ್ನೂ ಐತೇನ್ರಿ?” ಎಂದು.

ಹೊಂಬಳ ಸರ್ ನೋಟಿಸನ್ನು ಹರಿದು ಬುಟ್ಟಿಗೆ ಹಾಕಿದರು. ಸಂಜೆಯೊಳಗೆ ಅಂಕಪಟ್ಟಿ ಸಿದ್ಧವಾಗಬೇಕೆಂದು ಫೋನಿನಲ್ಲಿ ಹೇಳಿದರು. ಮೂರು ಪುಟದ ಇನ್ನೊಂದು ಕಾಗದ ಉಳಿದಿತ್ತು. ಬಳ್ಳಿಯ ಬೇರು ಸಿಕ್ಕಿದೆಯೇ ಎಂಬ ಜಾಗ ಅದರಲ್ಲಿ ಖಾಲಿ ಇತ್ತು.

“ಅಕ್ಕೋರ, ಇದನ್ನ ಬಿಡೂಣ್ರಿ. ಹಳೇ ಮಾತು,” ಎಂದರು.

“ನಿಯಮ ನಂದ ಅದ ಸರ. ಮಂದೀಗೆ ಹಾಕೂವಾಗ ಮೇಜು ಕುಟ್ಟೀನಿ,” ಎಂದು ನನ್ನ ಹೆಸರು ಬರೆದು ಸಹಿ ಹಾಕಿದೆ. ಈ ಸಲ ಮೂರೂ ಪುಟ ಓದಿ ಹಾಕಿದೆ. ಬೇಸರವಾಗಲಿಲ್ಲ ಎಂದರೆ ಸುಳ್ಳು. ಆ ನೆಲಮಾಳಿಗೆ, ಆ ಚಹಾ, ಸಮೀನಾಳ ಮಾತು ಎಲ್ಲ ನನಗೆ ಬೇಕಾಗಿದ್ದವು. ಮನೆಗೆ ಹೋಗುವ ದಾರಿಯಲ್ಲಿ ಯಮನೂರಪ್ಪನ ಅಂಗಡಿಗೆ ಹೋಗಿ ಅವನ ಕ್ಷಮೆಯನ್ನೂ ಕೇಳಿದೆ. ಅವನು ಗಾಬರಿಯಾಗಿ ಸ್ಟೂಲು ಹಾಕಿ ಸೋಡಾ ತರಿಸಿದ.

ಸಮೀನಾ ಜರಡಿಯನ್ನು ಬದಲಿಸುತ್ತಿದ್ದಾಳೆ. ಅದೀಗ ತಪ್ಪಿಲ್ಲದ ಬರಹಗಳನ್ನೂ ಎತ್ತಿ ಕೊಡುತ್ತದೆ, ಮತ್ತು ಅದು ಏನನ್ನು ಎತ್ತಿ ಕೊಟ್ಟರೂ ಒಬ್ಬ ಮನುಷ್ಯ ಪೂರ್ತಿ ಓದದೆ ಸಹಿ ಹಾಕುವಂತಿಲ್ಲ. ಆ ಐವತ್ತೆಂಟು ಜನರಿಗೆ ಶಿಕ್ಷೆ ಕೊಡಲಿಲ್ಲ. ಕಾಲೇಜಿನ ಪ್ರಯೋಗಶಾಲೆಗೆ ಕಳಿಸಿ, ಕೈಗೆ ದಾರ ಕೊಟ್ಟು, ಅಳೆದು ಬನ್ನಿ ಎಂದರು. ಅರ್ಧ ಜನ ಲೋಲಕ ತೂಗುವುದನ್ನು ನೋಡಿದ್ದೇ ಆಗಂತೆ. ಐವತ್ತೆಂಟು ಬೇರೆ ಬೇರೆ ಉತ್ತರ ಬಂದವೆಂದು ಸಮೀನಾ ಕುಣಿಯುತ್ತ ಫೋನು ಮಾಡಿದ್ದಳು.

ಬಿ.ಎಡ್. ಶುರುವಾಗುವ ಮುಂಚಿನ ಭಾನುವಾರ ಕಸ್ತೂರಿ, ದುರ್ಗವ್ವ, ನಾನು ಈಚೆಗೆ ಶುರುವಾದ ಚಾಲಕನಿಲ್ಲದ ಬೆಳಗಿನ ಬಸ್ಸಿನಲ್ಲಿ ಹಿರೇಕಂಬಿಗೆ ಹೋದೆವು. ಅಂದು ಶಾಲೆಗೆ ರಜೆ, ಬೀಗದ ಕೈ ಜವಾನನ ಮನೆಯಿಂದ ಸಿಕ್ಕಿತು. ನಾನು ಹೊಸ ಅಳತೆಪಟ್ಟಿ ತಂದಿದ್ದೆ, ಗೋಡೆಗೆ ಹೊಡೆಯಲು ಬಿಳಿ ಬಣ್ಣವನ್ನೂ ತಂದಿದ್ದೆ. ಮುರಿದ ಪಟ್ಟಿ ಅದೇ ಮೊಳೆಗೆ ನೇತಾಡುತ್ತಿತ್ತು. ಧೂಳು ಹಿಡಿದು ಗೋಡೆ ಕಂದಾಗಿತ್ತು, ಹಸಿರು ಅಕ್ಷರ ಮಾಸಿದ್ದವು, ಆದರೂ ದೂರದಿಂದಲೇ ಕಾಣುತ್ತಿದ್ದವು: ಐದು ಕಳೆ.

ನಾನು ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಗೋಡೆಗೆ ಹಚ್ಚಬೇಕು, ಅಷ್ಟರಲ್ಲಿ ಕಸ್ತೂರಿ ನನ್ನ ಕೈ ಹಿಡಿದಳು.

“ಅಳಿಸಬ್ಯಾಡ್ರಿ ಅಕ್ಕೋರ. ಈ ಪಟ್ಟಿಗೆ ಅದು ಖರೇನ ಐತಿ. ಎರಡೂ ಪಟ್ಟಿ ಇಲ್ಲೇ ಇರಲಿ.”

ಬ್ರಷ್ಷನ್ನು ನನ್ನಿಂದ ತೆಗೆದುಕೊಂಡು, ತುದಿಗಾಲ ಮೇಲೆ ನಿಂತು, ಆ ಎರಡು ಪದಗಳ ಕೆಳಗೆ ಅಷ್ಟೇ ದೊಡ್ಡದಾಗಿ ಒಂದು ಪದ ಬರೆದಳು: ಯಾಕೆ?

ಒಂಬತ್ತು ವರ್ಷ ಆ ಗೋಡೆಯ ಮುಂದೆ ನಿಂತು ಪಾಠ ಹೇಳಿದ್ದೆ. ಅಷ್ಟು ವರ್ಷದಲ್ಲಿ ನಾನು ಬರೆಸದೆ ಬಿಟ್ಟದ್ದು ಅದೊಂದೇ ಪದ. ದುರ್ಗವ್ವ ಮೂವತ್ತು ವರ್ಷದ ಹಿಂದೆ ತಾನು ಕೂರುತ್ತಿದ್ದ ಕಿಟಕಿಯ ಪಕ್ಕದ ಬೆಂಚಿನ ಧೂಳು ಒರೆಸಿ ಕುಳಿತು, ಗೋಡೆಯನ್ನು ಓದಿಕೊಂಡಳು.

“ಬಣ್ಣ ಇನ್ನೂ ಹಸಿ ಐತಿ,” ಎಂದಳು. “ಯಾರೂ ಮುಟ್ಟಬ್ಯಾಡ್ರಿ.”